ಸೌತ್ ಬೆಂಡಿನ ಪುಟ್ಟನಿಗೆ ದೊಡ್ಡಪ್ಪನ ಕಾಗದ

ಚಿ. ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ "ನಮ್ಮ ಕಂಪನಿ ಮನೆ ಇದ್ದ ಹಾಗೆ ದೊಡ್ಡಪ್ಪ, ಉಳಿಸಿದ್ದನ್ನೆಲ್ಲ ಅದರ ಷೇರಿಗೇ ಹಾಕಿದೀನಿ" ಅಂದೆಯಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಹೂಂಗುಟ್ಟಿ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಅಮೆರಿಕದಲ್ಲಿ ನೀನಿರುವ ಸೌತ್ ಬೆಂಡ್ ಊರಿನ ಕಥೆಯನ್ನೇ ತೆಗೆದುಕೋ. 1852ರಲ್ಲಿ ಹೆನ್ರಿ, ಕ್ಲೆಮೆಂಟ್ ಸ್ಟೂಡಿಬೇಕರ್ ಅನ್ನುವ ಅಣ್ಣತಮ್ಮಂದಿರು 68 ಡಾಲರ್ ಬಂಡವಾಳದಲ್ಲಿ ಅಲ್ಲಿ ಕುಲುಮೆ ಹಾಕಿ ಕುದುರೆಗಾಡಿ ಕಟ್ಟತೊಡಗಿದರು. ಅವರ ತಮ್ಮ ಜಾನ್ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದವನು, ಚಿನ್ನ ಅಗೆಯುವುದು ಬಿಟ್ಟು ಅಗೆಯುವವರಿಗೆ ಒಂಟಿ ಚಕ್ರದ ತಳ್ಳುಗಾಡಿ ಮಾಡಿ ಮಾರಿದ. ಜಾಣ! 8,000 ಡಾಲರ್ ಕೂಡಿಹಾಕಿಕೊಂಡು 1858ರಲ್ಲಿ ವಾಪಸು ಬಂದು ಹೆನ್ರಿಯ ಪಾಲು ಕೊಂಡ. ಹೆನ್ರಿ ಯುದ್ಧ ಒಪ್ಪದ ಪಂಥದವನು, ಸೈನ್ಯಕ್ಕೆ ಗಾಡಿ ಮಾಡಿಕೊಡುವುದು ಅವನಿಗೆ ಒಗ್ಗಿರಲಿಲ್ಲ.

ಗಾಡಿ ಚಕ್ರ ಕಟ್ಟುವುದು ಸುಲಭವಲ್ಲ ಕಣೋ. ನಮ್ಮೂರ ಕುಲುಮೆಯಲ್ಲಿ ನಾನು ಬೆರಗಾಗಿ ನೋಡುತ್ತಿದ್ದೆ. ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಮರದ ಚಕ್ರಕ್ಕೆ ಕೂರಿಸಿ ನೀರು ಸುರಿದರೆ, ಬುಸ್ಸೆಂದು ಹಬೆಯೆದ್ದು, ಕಬ್ಬಿಣ ಕುಗ್ಗಿ, ಸಂದುಗಳೆಲ್ಲ ಕಟಕಟ ಬಿಗಿದುಕೊಳ್ಳುತ್ತಿದ್ದವು. ಅಂಥ ಕಸುಬಿನವರು 1902ಕ್ಕೆ ಬ್ಯಾಟರಿ ಕಾರು, 1904ಕ್ಕೆ ಪೆಟ್ರೋಲ್ ಕಾರು ಮಾಡಿದರು. ಎಷ್ಟೋ ಗಾಡಿ ಕಾರ್ಖಾನೆಗಳು ಮುಳುಗಿದ ಕಾಲದಲ್ಲಿ ಇವರು ದಾಟಿಕೊಂಡರು.

ಆದರೂ 1963ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಐದು ದಿನ ಇರುವಾಗ, ಸೌತ್ ಬೆಂಡಿನಲ್ಲಿ ಕಾರು ತಯಾರಿ ನಿಂತಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ದುಡ್ಡಿರಲಿಲ್ಲ. ಅರವತ್ತು ದಾಟಿದವರಿಗೆ ಪೂರ್ತಿ ಸಿಕ್ಕಿತು. ನಲವತ್ತರಿಂದ ಅರವತ್ತರೊಳಗಿನ ಸುಮಾರು 4,000 ಜನಕ್ಕೆ ಸಿಕ್ಕಿದ್ದು ನೂರಕ್ಕೆ 15ರಷ್ಟು, ಅವರಲ್ಲಿ ಅನೇಕರು ಇಪ್ಪತ್ತು ವರ್ಷಕ್ಕೂ ಹೆಚ್ಚು ದುಡಿದವರು. ಇನ್ನೂ ಚಿಕ್ಕವರಿಗೆ ಏನೂ ಇಲ್ಲ. ಈ ಗೋಳೂ ಒಂದು ಕಾರಣವಾಗಿ 1974ರಲ್ಲಿ ಪಿಂಚಣಿ ರಕ್ಷಣೆಯ ಕಾನೂನು ಬಂತು. ಆದರೆ ಆ ಕಾನೂನಿನ ವಿಮೆ ಪಿಂಚಣಿಗೆ, ನಿನ್ನ ಷೇರಿಗಲ್ಲ.

ನಾನಿದ್ದ ಫ್ಯಾಕ್ಟರಿಯೂ ಬಾಗಿಲು ಹಾಕಿತಲ್ಲ, ಗ್ರಾಚ್ಯುಟಿಗೆ ಆರು ವರ್ಷ ಅಲೆದೆ. ನಿನ್ನ ದೊಡ್ಡಮ್ಮ ನನಗೆ ಹೇಳದೆ ಚೀಟಿ ಕಟ್ಟಿದ್ದರಿಂದ ಅಕ್ಕನ ಮದುವೆ ನಡೆಯಿತು. ಆಗ ನಾನೂ "ನಮ್ಮ ಕಂಪನಿ" ಅನ್ನುತ್ತಿದ್ದವನೇ.

ಕೆಲಸ ನಿಯತ್ತಿನಿಂದ ಮಾಡು. ಷೇರಿನಲ್ಲಿ ಅರ್ಧವನ್ನಾದರೂ ಮಾರಿ ಬೇರೆ ಕಡೆ ಹಾಕು, ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿರಲಿ. ಬಿಡುವಾದ ಭಾನುವಾರ ಅಲ್ಲಿನ ಸ್ಟೂಡಿಬೇಕರ್ ಮ್ಯೂಸಿಯಮ್ಮಿಗೆ ಹೋಗು. ಲಿಂಕನ್ ಕೊನೆಯ ರಾತ್ರಿ ನಾಟಕಕ್ಕೆ ಹೋದ ಸಾರೋಟು ಅಲ್ಲಿದೆಯಂತೆ. ಅದರ ಚಕ್ರದ ಫೋಟೋ ಹತ್ತಿರದಿಂದ ತೆಗೆದು ಕಳಿಸು, ಪಟ್ಟಿ ಹೇಗೆ ಕೂತಿದೆ ನೋಡಬೇಕು.

ಇತಿ,
ನಿನ್ನ ದೊಡ್ಡಪ್ಪ