ರಾಜರ ಕಾಲವೇ ಚಲೋ ಇತ್ತಾ?

ಸಂಪಾದಕರೇ,

ಗದಗ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮೊನ್ನೆ ಮತ್ತೆ ಅದೇ ಮಾತು: ‘ರಾಜರ ಕಾಲನ ಚಲೋ ಇತ್ರೀ.’ ಪೂರ್ತಿ ಸುಳ್ಳು ಅನ್ನಲಾರೆ. ಇಲ್ಲೇ ಲಕ್ಕುಂಡಿಗೆ ಹೋದರೆ ಚಾಲುಕ್ಯರ ಕಾಲದ ಮೆಟ್ಟಿಲು ಬಾವಿಗಳು ಇನ್ನೂ ಗಟ್ಟಿಯಾಗಿವೆ. ನಮ್ಮ ಓಣಿಯ ಗಟಾರ ಎರಡು ಮಳೆಗಾಲ ತಾಳಲಿಲ್ಲ. ಒಬ್ಬ ಮನಸ್ಸು ಮಾಡಿದರೆ ಕೆಲಸ ಬೇಗ ಆಗುತ್ತದೆ, ನಿಜ. ಮೈಸೂರಿನ ನಾಲ್ವಡಿಯವರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿ, ಹಿಂದುಳಿದವರಿಗೆ ಸರ್ಕಾರಿ ನೌಕರಿಯ ದಾರಿ ಮಾಡಿಕೊಟ್ಟರು.

ಆದರೆ ಅಂಥವರು ಎಷ್ಟು ಜನ? ಒಳ್ಳೆಯ ರಾಜ ಸಿಗುವುದು ಮುಂಗಾರಿನ ಹಾಗೆ, ನಮ್ಮ ಕೈಯಲ್ಲಿಲ್ಲ. ಅರಮನೆಯಲ್ಲಿ ಮಗು ಇಲ್ಲದಿದ್ದರಂತೂ ರಾಜ್ಯವೇ ಅಲುಗಾಡುತ್ತಿತ್ತು. ಕಿತ್ತೂರಿನ ದತ್ತು ಮಗನನ್ನು ಬ್ರಿಟಿಷರು 1824ರಲ್ಲಿ ಒಪ್ಪಲಿಲ್ಲ. ನಮ್ಮ ನರಗುಂದದ ಬಾಬಾಸಾಹೇಬರಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ. 1858ರಲ್ಲಿ ಬಂಡೆದ್ದರು, ಗಲ್ಲಿಗೇರಿದರು, ಸಂಸ್ಥಾನವೂ ಹೋಯಿತು. ಒಂದು ಮನೆಯ ತೊಟ್ಟಿಲು ಖಾಲಿ ಇದ್ದದ್ದಕ್ಕೆ ಊರಿನ ರೈತ ಯಾಕೆ ಹೊಸ ಒಡೆಯನಿಗೆ ತಲೆಬಾಗಬೇಕು? (ಅದು ಬ್ರಿಟಿಷರ ನೆಪ ಅಂತ ಗೊತ್ತು. ನೆಪಕ್ಕೆ ಜಾಗ ಇತ್ತಲ್ಲ!)

ಚಹಾದಂಗಡಿಯ ಗೆಳೆಯರಿಗೆ ಇಷ್ಟೇ ಕೇಳಿದೆ: ರಾಜ ಬೇಡ ಅನಿಸಿದರೆ ಐದು ವರ್ಷಕ್ಕೆ ಬದಲಿಸೋಕೆ ಆಗ್ತಿತ್ತಾ? ಚಹಾ ಮುಗಿದಿತ್ತು, ಉತ್ತರ ಬರಲಿಲ್ಲ. ಗಟಾರದ ಅರ್ಜಿಯನ್ನು ಮೂರನೇ ಸಲ ಕೊಟ್ಟು ಬಂದಿದ್ದೇನೆ.

– ಒಬ್ಬ ಓದುಗ, ಗದಗ