ನೆಲ ನಡುಗಿದ್ದನ್ನು ಇಷ್ಟು ಬೇಗ ಮರೆತರೆ ಹೇಗೆ?

ಸಂಪಾದಕರೇ,

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿತು. ಆಗ ಎಲ್ಲರೂ ಅದನ್ನೇ ಮಾತಾಡಿದರು, ಈಗ ಸದ್ದೇ ಇಲ್ಲ.

ನಮಗೆ ಹತ್ತಿರದ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನಾದರೂ ನೆನೆಯೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ದಣಿದು ಮಲಗಿದ್ದವರ ಮೇಲೆ ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಭಾರದ ಮಾಳಿಗೆ ಕುಸಿದು ಸುಮಾರು 10 ಸಾವಿರ ಜನ ಸತ್ತರು. ಕಂಪನದ ತೀವ್ರತೆ 6.2ರ ಆಸುಪಾಸು, ಅಷ್ಟೇ. ಜೀವ ತೆಗೆದದ್ದು ಜಾಸ್ತಿ ಆ ಮನೆಗಳೇ. ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ, ಅಲ್ವಾ?

ಜಪಾನಿನಲ್ಲಿ 1923ರ ಸೆಪ್ಟೆಂಬರ್ 1ರ ಕಾಂಟೊ ಭೂಕಂಪಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಈಗ ಪ್ರತಿ ವರ್ಷ ಅದೇ ದಿನ ದೇಶದಲ್ಲೆಲ್ಲ ಅಣಕು ತಾಲೀಮು, ಶಾಲೆ ಮಕ್ಕಳು ಡೆಸ್ಕಿನಡಿ ತಲೆ ಕಾಪಾಡಿಕೊಳ್ಳುವುದನ್ನು ಕಲಿಯುತ್ತಾರೆ. 1981ರಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿದರು. 1995ರಲ್ಲಿ ಕೋಬೆ ನಡುಗಿದಾಗ ಹೆಚ್ಚಾಗಿ ನೆಲ ಕಚ್ಚಿದ್ದು ಅದಕ್ಕೂ ಹಳೆಯ ಮನೆಗಳು.

ನಮ್ಮಲ್ಲೂ ಸೆಪ್ಟೆಂಬರ್ 30ರಂದು ಶಾಲೆಗಳಲ್ಲಿ ತಾಲೀಮು ನಡೆಯಲಿ. ಸರ್ಕಾರದ ದುಡ್ಡಲ್ಲಿ ಕಟ್ಟುವ ಪ್ರತಿ ಮನೆಗೂ ಬಾಗಿಲ ಮೇಲಿನ ಮಟ್ಟದಲ್ಲಿ ಗೋಡೆ ಸುತ್ತ, ನೆಲ ನಡುಗಿದಾಗ ಗೋಡೆಗಳನ್ನು ಒಟ್ಟಿಗೆ ಹಿಡಿದಿಡುವ, ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಇದೆಯಾ ಅಂತ ನೋಡಿಯೇ ಬಿಲ್ ಪಾಸ್ ಮಾಡಲಿ.

– ಓದುಗ, ಕಲಬುರಗಿ