ಮಗಳಿಗೊಂದು ಪತ್ರ: ಆ ರೆಫರಿ ಎಲ್ಲಿ ನಿಂತಿದ್ದ?

ಕ್ಯಾಂಟನ್, ಮಿಷಿಗನ್
ಆಗಸ್ಟ್ 2025

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ "ಅಪ್ಪಾ, ಇಲ್ಲಿ ಸ್ಟೂಡೆಂಟ್ಸ್ ಆಡೋ, ಬೀಳಿಸೋ ಬದಲು ಸೊಂಟದ ಪಟ್ಟಿ ಕೀಳೋ ಫ್ಲ್ಯಾಗ್ ಫುಟ್‌ಬಾಲ್‌ಗೆ ರೆಫರಿ ಬೇಕಂತೆ, ಹೆಸರು ಕೊಟ್ಟು ಬಂದೆ, ಪಟ್ಟೆ ಶರ್ಟು ಕೊಡ್ತಾರಂತೆ" ಅಂದೆಯಲ್ಲ, ಆಗ ನಾನು ಸುಮ್ಮನಾಗಿಬಿಟ್ಟೆ. ಲೈನ್ ಕಟ್ ಆಯ್ತು ಅಂದುಕೊಂಡು ನೀನು ಎರಡು ಸಲ ಹಲೋ ಅಂದೆ. ಕಟ್ ಆಗಿರಲಿಲ್ಲ. ನನಗೇ ಮಾತು ಬರಲಿಲ್ಲ. ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟು ಎದ್ದು ಹೋದೆ. ಅದಕ್ಕೇ ಈ ಪತ್ರ.

ಏಪ್ರಿಲ್‌ನಲ್ಲಿ ಮನೆಯಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ನೀನು ಓದಲು ಒಹಾಯೊ ಸ್ಟೇಟ್ ಅಂದೆ, ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಮ್ಮ ಮಿಷಿಗನ್ ಯೂನಿವರ್ಸಿಟಿಯ ಬದ್ಧ ಎದುರಾಳಿ ಅದು, ನಾನು ಆಡಬಾರದ್ದು ಆಡಿದೆ. ಇಬ್ಬರಿಗೂ ನೆನಪಿದೆ. ಕೊಲಂಬಸ್‌ನಲ್ಲಿ ನಿನ್ನ ಸಾಮಾನು ಹೊತ್ತು ಮೂರು ಮಹಡಿ ಹತ್ತುವಾಗ ಒಂದು ಮಾತು ಹೇಳಬೇಕು ಅಂತ ಬಾಯಿಯವರೆಗೂ ಬಂತು. ಹೇಳಲಿಲ್ಲ. ವಾಪಸ್ ಬರುವಾಗ ಟೊಲೀಡೊ ದಾಟುವವರೆಗೂ ನಾನೂ ನಿಮ್ಮಮ್ಮನೂ ಮಾತಾಡಲಿಲ್ಲ. ಆ ಯುಎಸ್ 23 ರಸ್ತೆ ನೋಡು, ಆ್ಯನ್ ಆರ್ಬರ್‌ನಲ್ಲೂ ಅದೇ, ಕೊಲಂಬಸ್‌ನಲ್ಲೂ ಅದೇ. ಮಧ್ಯದ ಆ ಟೊಲೀಡೊ ಯಾರಿಗೆ ಸೇರಬೇಕು ಅಂತ 1835ರಲ್ಲಿ ಮಿಷಿಗನ್, ಒಹಾಯೊ ಎರಡೂ ಕಡೆಯವರು ಬಂದೂಕು ಹಿಡಿದು ಹೊರಟಿದ್ದರು. ಎರಡೂ ಯೂನಿವರ್ಸಿಟಿಯವರು ಮೊದಲ ಸಲ ಫುಟ್‌ಬಾಲ್ ಆಡಿದ್ದು 1897ರಲ್ಲಿ. ಅಂದರೆ ಜಗಳ ಮೊದಲು, ಆಟ ಆಮೇಲೆ.

ನಾನು ಹೇಳಬೇಕಾಗಿರುವುದು 2016ರ ನವೆಂಬರ್ 26ರ ಮಿಷಿಗನ್–ಒಹಾಯೊ ಸ್ಟೇಟ್ ಆಟದ ಬಗ್ಗೆ. ಮತ್ತೆ ಅದೇನಾ ಅನ್ನಬೇಡ. ಇದೊಂದು ಸಲ ಪೂರ್ತಿ ಓದು.

ಎರಡನೇ ಓವರ್‌ಟೈಮ್. ನಾವು 27, ಅವರು 24. ಚೆಂಡು ಅವರದು. ನಾಲ್ಕನೇ ಡೌನ್, ಅಂದರೆ ಹತ್ತು ಯಾರ್ಡ್ ದಾಟಲು ಇರುವ ನಾಲ್ಕು ಅವಕಾಶಗಳಲ್ಲಿ ಕೊನೆಯದು, ಬೇಕಾದದ್ದು ಒಂದೇ ಒಂದು ಯಾರ್ಡ್. ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕದ ಫೀಲ್ಡ್ ಗೋಲ್ ಹೊಡೆದರೆ ಸಮ ಆಗುತ್ತಿತ್ತು. ಆದರೆ ಅವರ ಕಿಕ್ಕರ್ ಅವತ್ತು ಆಗಲೇ ಎರಡು ತಪ್ಪಿಸಿದ್ದ. ಕೋಚ್ ಅರ್ಬನ್ ಮೈಯರ್ ಓಡಿಯೇ ನೋಡೋಣ ಅಂತ ತೀರ್ಮಾನಿಸಿದರು. ಅವರ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್ ಚೆಂಡು ಹಿಡಿದು ಎಡಕ್ಕೆ ನುಗ್ಗಿದ. ತನ್ನದೇ ತಂಡದವನಿಗೆ ಹೋಗಿ ಬಡಿದ. ನಮ್ಮವರು ಬಂದು ಅಪ್ಪಳಿಸಿದರು. 15 ಯಾರ್ಡ್ ಗೆರೆಯ ಹತ್ತಿರ ಎಲ್ಲ ಗುಡ್ಡೆಯಾಗಿ ಬಿದ್ದರು. ಆ ಗುಡ್ಡೆಯೊಳಗೆ ಚೆಂಡು ಎಲ್ಲಿಯವರೆಗೆ ಹೋಗಿತ್ತು ಅನ್ನುವುದೇ ಪ್ರಶ್ನೆ.

ನಮ್ಮ ಬೇಸ್‌ಮೆಂಟಿನಲ್ಲಿ ನಾಲ್ಕು ಮನೆಯವರು ಸೇರಿದ್ದೆವು. ನಿನಗೆ ಒಂಬತ್ತು ವರ್ಷ. ಟಿವಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ನೀನು. ತೊಡೆಯ ಮೇಲೆ ಬಿಸಿಬೇಳೆಬಾತಿನ ತಟ್ಟೆ, ಅದರ ಮೇಲೆ ಬೂಂದಿ. "ಸಿಕ್ತು ಅಪ್ಪಾ, ಅವನಿಗೆ ಸಿಕ್ತು" ಅಂದೆ. ಖುಷಿಯಿಂದ ಹೇಳಿದ್ದಲ್ಲ ಅದು. ಕಣ್ಣಿಗೆ ಕಂಡದ್ದನ್ನು ಹೇಳಿದೆ, ಅಷ್ಟೇ. ನಾನು ಅಷ್ಟು ಜನರ ಮುಂದೆ "ಬಾಯಿ ಮುಚ್ಚು, ನಿಂಗೇನ್ ಗೊತ್ತಾಗುತ್ತೆ?" ಅಂತ ಕಿರುಚಿದೆ. ನೀನು ತಟ್ಟೆ ಹಿಡಿದುಕೊಂಡು ಎದ್ದೆ. ನಾನು ನಿನ್ನ ಕಡೆ ತಿರುಗಲಿಲ್ಲ. ಟಿವಿಯಲ್ಲಿ ರೀಪ್ಲೇ ಬರುತ್ತಿತ್ತು.

ರೆಫರಿ ಸಿಕ್ಕಿದೆ ಅಂದರು. ವಿಡಿಯೋ ನೋಡಿದ ಮೇಲೂ ಅದೇ ಉಳಿಯಿತು. ಅದರ ಮರುಕ್ಷಣದ ಡೌನಿನಲ್ಲೇ ಅವರ ಕರ್ಟಿಸ್ ಸ್ಯಾಮ್ಯುಯೆಲ್ 15 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. 30–27. ಆಮೇಲೆ ನಾನು ಮೇಲೆ ಬಂದಾಗ ಮೆಟ್ಟಿಲ ಮೇಲೆ ತಟ್ಟೆ ಇತ್ತು. ಬೂಂದಿ ನೆನೆದು ಮೆತ್ತಗಾಗಿತ್ತು. ನಿನ್ನ ಹಳದಿ-ನೀಲಿ ಶರ್ಟು ಒಗೆಯುವ ಬುಟ್ಟಿಯಲ್ಲಿ. ಆಮೇಲೆ ಅದನ್ನು ನೀನು ಒಂದು ದಿನವೂ ಹಾಕಲಿಲ್ಲ. ಚಿಕ್ಕದಾಯಿತು ಅಂತ ನಿಮ್ಮಮ್ಮ ಹೇಳಿದಳು. ಚಿಕ್ಕದಾಗಿರಲಿಲ್ಲ ಅಂತ ನನಗೆ ಗೊತ್ತು.

ನಾನು ಅವತ್ತು ನಿನ್ನ ಹತ್ತಿರ ಬಂದು ಕೂರಬೇಕಿತ್ತು. ಅದು ಬಿಟ್ಟು ಆ ರೀಪ್ಲೇಯನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಕೂತೆ. ಒಂದು ವಾರ, ಎರಡು ವಾರ. ಪರದೆಗೆ ಸ್ಕೇಲ್ ಇಟ್ಟೆ. ಆಗಿನ ನಮ್ಮ ಕೋಚ್ ಜಿಮ್ ಹಾರ್ಬಾ ತೀರ್ಪಿನ ಬಗ್ಗೆ ಖಾರವಾಗಿ ಮಾತಾಡಿದ್ದಕ್ಕೆ, ಎರಡೂ ತಂಡಗಳಿರುವ ಲೀಗ್ ಆದ ಬಿಗ್ ಟೆನ್‌ನವರು 10,000 ಡಾಲರ್ ದಂಡ ಹಾಕಿದರಲ್ಲ, ಅದಕ್ಕೆ ನಾನೂ ದುಡ್ಡು ಹಾಕುತ್ತೇನೆ ಅಂತ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಪುಟ್ಟಿ, ಒಂಬತ್ತು ವರ್ಷ ಆಗುತ್ತಾ ಬಂತು. ನನಗೆ ಈಗಲೂ ಅದು ಸಿಕ್ಕಿಲ್ಲ ಅಂತಲೇ ಅನಿಸುತ್ತದೆ. ಸುಳ್ಳು ಹೇಳಲಾರೆ.

ನಿನಗೆ ಹೇಳದೆ ಇದ್ದದ್ದು ಒಂದಿದೆ. ಮಾರನೆಯ ದಿನ ನಾನು ಮಂಡ್ಯಕ್ಕೆ ಫೋನ್ ಮಾಡಿ ತಾತನ ಹತ್ತಿರ ಇದನ್ನೆಲ್ಲ ತೋಡಿಕೊಂಡಿದ್ದೆ. ಅವರಿಗೆ ಈ ಆಟ ಗೊತ್ತಿಲ್ಲ. ನಾಲ್ಕು ಸಲದೊಳಗೆ ಹತ್ತು ಯಾರ್ಡ್ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ, ಹೀಗೆ ಹೀಗಾಯಿತು, ಮೋಸ ಮಾಡಿದರು ಅಂದೆ. ಎಲ್ಲ ಕೇಳಿ ತಾತ ಒಂದೇ ಪ್ರಶ್ನೆ ಕೇಳಿದರು. "ಆ ರೆಫರಿ ಎಲ್ಲಿ ನಿಂತಿದ್ದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಸಲ ನೋಡಿದವನು ಅದನ್ನೊಂದು ನೋಡಿರಲಿಲ್ಲ.

ತಾತ ಡ್ರಿಲ್ ಮಾಸ್ಟರ್ ಆಗಿದ್ದರು ಅಂತ ನಿನಗೆ ಗೊತ್ತು. ಇದು ಗೊತ್ತಿಲ್ಲ. ನನಗೆ ಹನ್ನೆರಡು ವರ್ಷ ಇದ್ದಾಗ ಹೋಬಳಿ ಮಟ್ಟದ ಕಬಡ್ಡಿ ಫೈನಲ್. ತಾತನೇ ರೆಫರಿ, ಆಡುತ್ತಿದ್ದದ್ದು ಅವರದೇ ಶಾಲೆ. ಕೊನೆಯ ರೈಡಿನಲ್ಲಿ ನಮ್ಮ ಹುಡುಗನನ್ನು ನಾಲ್ಕು ಜನ ಹಿಡಿದು ಎಳೆದರು. ಅವನು ಕೈ ಚಾಚಿದ. ಮಧ್ಯದ ಗೆರೆ ಮುಟ್ಟಿದ ಅಂತ ಊರೇ ಕೂಗಿತು, ನಾನೂ ಕೂಗಿದೆ. ತಾತ ಗೆರೆಯ ನೇರಕ್ಕೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎದ್ದು ಹೋಗಿ ಆ ಹುಡುಗನ ಬೆರಳು ಹಿಡಿದು ನೋಡಿದರು. ಗೆರೆ ಎಳೆದದ್ದು ಸುಣ್ಣದ ಪುಡಿಯಲ್ಲಿ. ಅವನ ಬೆರಳ ತುದಿಯಲ್ಲಿ ಮಣ್ಣಿತ್ತು, ಸುಣ್ಣ ಇರಲಿಲ್ಲ. ಔಟ್ ಅಂತ ಸೀಟಿ ಊದಿದರು.

ಸಂಜೆ ನೋಡಿದರೆ ಸೈಕಲ್ಲಿನ ಎರಡೂ ಚಕ್ರದಲ್ಲಿ ಗಾಳಿ ಇಲ್ಲ. ಮನೆಗೆ ನಾಲ್ಕು ಕಿಲೋಮೀಟರ್ ತಳ್ಳಿಕೊಂಡು ಬಂದೆವು. "ನಮ್ಮ ಶಾಲೆ ಅಲ್ವಾ ಅಪ್ಪ?" ಅಂತ ನಾನು ಅಳುತ್ತಾ ಕೇಳಿದೆ. "ಹಿಂದಿನಿಂದ ತಳ್ಳು" ಅಂದರು, ಅಷ್ಟೇ. ಎಷ್ಟೋ ದಿನ ಟೀ ಅಂಗಡಿಯಲ್ಲಿ ಯಾರೂ ಅವರನ್ನು ಮಾತಾಡಿಸಲಿಲ್ಲ. ಅಂಥವರ ಮಗ ನಾನು. ಒಂಬತ್ತು ವರ್ಷದ ಮಗು ಕಂಡದ್ದನ್ನು ಹೇಳಿದರೆ ಬಾಯಿ ಮುಚ್ಚು ಅಂದವನು.

ಹೈಸ್ಕೂಲಿನಲ್ಲಿದ್ದಾಗ ನೀನು ಅಡುಗೆಮನೆಯ ನೆಲದ ಮೇಲೆ ಕಾಫಿ ಲೋಟ ಇಟ್ಟು ತೋರಿಸಿದ್ದು ನೆನಪಿದೆಯಾ? ಎರಡು ಟೈಲ್ ಸೇರುವ ಗೆರೆಯ ಅಂಚಿಗೆ ಸ್ಟೀಲ್ ಲೋಟ. ಈ ಕಡೆಯಿಂದ ನೋಡು ಅಪ್ಪ ಅಂದೆ. ಲೋಟದ ಬಾಯಿ ಗೆರೆ ದಾಟಿತ್ತು. ಆ ಕಡೆ ಬಾ ಅಂದೆ. ದಾಟಿರಲಿಲ್ಲ. ಲೋಟ ಅಲ್ಲೇ ಇತ್ತು. ಟಿವಿ ಕ್ಯಾಮೆರಾ ಗೆರೆಯ ನೇರಕ್ಕೆ ಇಲ್ಲದಿದ್ದರೆ ಸ್ಕೇಲ್ ಇಟ್ಟು ಏನು ಪ್ರಯೋಜನ ಅಂತ ಕೇಳಿದೆ. ನಾನು ಲೋಟ ಎತ್ತಿಕೊಂಡು ಕಾಫಿ ಕುಡಿದು ಹೋದೆ. ತಾತನ ಪ್ರಶ್ನೆಯನ್ನೇ ನೀನು ಕೇಳಿದ್ದೆ. ಅವರು ತೀರಿಕೊಂಡು ಆಗ ಮೂರು ವರ್ಷ ಆಗಿತ್ತು. ಮೇಲೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡಿದ್ದೆ, ನಿನಗೆ ಗೊತ್ತಾಗಲಿಲ್ಲ.

ರೀಪ್ಲೇ ಇದೆ, ಇನ್ನೇನು ಭಯ ಅಂತಾರೆ ಜನ. ಬಿಗ್ ಟೆನ್ 2004ರಲ್ಲಿ ಮೊದಲು ಅದನ್ನು ತಂದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೈದಾನದಲ್ಲಿ ಕೊಟ್ಟ ತೀರ್ಪು ತಪ್ಪು ಅಂತ ವಿಡಿಯೋದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಕಂಡರೆ ಮಾತ್ರ ಅದನ್ನು ಬದಲಿಸಬಹುದು. ಚೆಂಡು ಗುಡ್ಡೆಯೊಳಗೆ ಮುಚ್ಚಿಹೋಗಿದ್ದರೆ ಕ್ಯಾಮೆರಾ ಏನು ಮಾಡುತ್ತದೆ? ಹಾಗಾಗಿ ಮೊದಲು ನೋಡಿದ ಕಣ್ಣೇ ಕೊನೆಯ ಮಾತು. ಬದಿಯಿಂದ ಓಡಿಬಂದು ಪಾದ ಊರಿ ಇಲ್ಲಿ ಅಂತ ನಿಲ್ಲುವ ಒಬ್ಬ ಮನುಷ್ಯ. ವಾರವೆಲ್ಲ ಬೇರೆ ಕೆಲಸ ಮಾಡಿ ಶನಿವಾರ ಒಂದು ಲಕ್ಷ ಜನರ ಎದುರು ಬಂದು ನಿಲ್ಲುವವರೇ ಅವರಲ್ಲಿ ಹೆಚ್ಚು. ಇನ್ನು ಮೇಲೆ ಆ ಶರ್ಟು ಹಾಕುವವಳು ನೀನು. ನನಗೆ ಮಾತು ನಿಂತದ್ದು ಅದಕ್ಕೇ.

ಅಲ್ಲಿ ಆಡುವವರು ಹುಡುಗರು, ನೋಡುವವರು ನಾಲ್ಕು ಜನ ಇರಬಹುದು. ಆದರೂ ಭಯ.  ಈ ಹುಚ್ಚು ಎರಡೂ ಕಡೆ ಇದೆ. 1971ರಲ್ಲಿ ಆ್ಯನ್ ಆರ್ಬರ್‌ನಲ್ಲಿ ನಾವು 10–7 ಗೆದ್ದಾಗ, ರೆಫರಿ ಫೌಲ್ ಕೊಡಲಿಲ್ಲ ಅಂತ ನಿಮ್ಮ ಕೋಚ್ ವುಡಿ ಹೇಯ್ಸ್ ಮೈದಾನಕ್ಕೆ ನುಗ್ಗಿ, ಗೆರೆಯ ಪಕ್ಕದ ಗುರುತುಗಳನ್ನು ಕಿತ್ತು ಹರಿದರು. ಆ ಕತೆ ಹೇಳಿ ಹೇಳಿ ನಗುತ್ತಿದ್ದೆ ನಾನು. ಕಳೆದ ನವೆಂಬರ್‌ನಲ್ಲಿ ನಾವು 13–10 ಗೆದ್ದ ಮೇಲೆ ನಮ್ಮ ಹುಡುಗರು ನಿಮ್ಮ ಮೈದಾನದಲ್ಲಿ ಬಾವುಟ ನೆಡಲು ಹೋಗಿ ಹೊಡೆದಾಟವಾಯಿತು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಎರಡೂ ಯೂನಿವರ್ಸಿಟಿಗೆ ಒಂದೊಂದು ಲಕ್ಷ ಡಾಲರ್ ದಂಡ. ಅದನ್ನು ನೋಡಿ ನಾನು ಚಪ್ಪಾಳೆ ಹೊಡೆದಿದ್ದೆ. ಈಗ ಆ ಊರಿನಲ್ಲಿ ನೀನಿದ್ದೀಯ.

ಅದಕ್ಕೇ ಹೇಳುತ್ತೇನೆ, ಕೇಳು. ಗೆರೆಯ ನೇರಕ್ಕೆ ಹೋಗಿ ನಿಲ್ಲು. ಕಾಣದ್ದನ್ನು ಕಂಡೆ ಅನ್ನಬೇಡ, ಪಕ್ಕದವರನ್ನು ಕೇಳು. ಕೂಗುವವರ ಮುಖ ನೋಡಬೇಡ. ಒಂದು ತಪ್ಪಿಗೆ ಸಮ ಮಾಡಲು ಇನ್ನೊಂದು ತಪ್ಪು ತೀರ್ಪು ಕೊಡಬೇಡ. ಡೌನ್ ಎಣಿಸುವಾಗ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿಕೋ. 1940ರಲ್ಲಿ ರೆಡ್ ಫ್ರೀಸೆಲ್ ಅನ್ನುವ ರೆಫರಿ ಎಣಿಕೆ ತಪ್ಪಿ ಕಾರ್ನೆಲ್‌ಗೆ ಐದನೇ ಡೌನ್ ಕೊಟ್ಟುಬಿಟ್ಟರು. ಅದರಲ್ಲೇ ಕಾರ್ನೆಲ್ ಡಾರ್ಟ್‌ಮತ್ ಮೇಲೆ 7–3 ಗೆದ್ದಿತು. ಆಮೇಲೆ ಫಿಲ್ಮ್ ನೋಡಿದರು. ಫ್ರೀಸೆಲ್ ತಪ್ಪು ನನ್ನದು ಅಂತ ಒಪ್ಪಿಕೊಂಡರು. ಕಾರ್ನೆಲ್‌ನವರು ಗೆಲುವನ್ನೇ ಬಿಟ್ಟುಕೊಟ್ಟು ಟೆಲಿಗ್ರಾಂ ಕಳಿಸಿದರು. ಈಗಲೂ ಆ ಆಟ ಡಾರ್ಟ್‌ಮತ್ 3, ಕಾರ್ನೆಲ್ 0. 1990ರಲ್ಲಿ ಮಿಸ್ಸೂರಿ ಮೇಲೆ ಕೊಲರಾಡೊಗೂ ಹೀಗೇ ಐದನೇ ಡೌನ್ ಸಿಕ್ಕಿತು, 33–31. ಅವರು ಬಿಟ್ಟುಕೊಡಲಿಲ್ಲ. ತಪ್ಪಾದರೆ ನೀನು ಫ್ರೀಸೆಲ್ ತರಹ ಹೇಳಿಬಿಡು. ರಾತ್ರಿ ಆಟ ಮುಗಿದ ಮೇಲೆ ಒಬ್ಬಳೇ ಹಾಸ್ಟೆಲಿಗೆ ನಡೆದು ಹೋಗಬೇಡ. ನೀರು ಕುಡಿ. ಅಕ್ಟೋಬರ್ ಬಂದರೆ ಒಳಗೊಂದು ಉಲ್ಲನ್ ಹಾಕಿಕೋ. ಭಾಷಣ ಆಯಿತು ಅಲ್ವಾ? ಸಲಹೆ ಕೊಡುವುದಿಲ್ಲ ಅಂತ ನಿಮ್ಮಮ್ಮನಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೆ.

ಇನ್ನೊಂದು ಮಾತು. ನಾನು ಇಲ್ಲಿಗೆ ಬಂದದ್ದು 1997ರ ಆಗಸ್ಟ್‌ನಲ್ಲಿ. ಮೂರು ತಿಂಗಳು ಸರಿಯಾಗಿ ನಿದ್ದೆ ಇಲ್ಲ. ಅನ್ನ ಮಾಡಿಕೊಂಡು ಒಬ್ಬನೇ ಕೂತು ತಿನ್ನುತ್ತಿದ್ದೆ. ನವೆಂಬರ್ 22ರಂದು ರೂಮ್‌ಮೇಟ್ ಒಹಾಯೊ ಸ್ಟೇಟ್ ಜೊತೆಗಿನ ಆಟಕ್ಕೆ ತನ್ನ ಹತ್ತಿರ ಇದ್ದ ಇನ್ನೊಂದು ಟಿಕೆಟ್ ಕೊಟ್ಟು ಎಳೆದುಕೊಂಡು ಹೋದ. ನಮ್ಮ ಚಾರ್ಲ್ಸ್ ವುಡ್ಸನ್, ಅವರು ಒದ್ದು ಕಳಿಸಿದ ಚೆಂಡು, ಅಂದರೆ ಪಂಟ್, ಹಿಡಿದು 78 ಯಾರ್ಡ್ ಓಡಿದ. ಪಕ್ಕದಲ್ಲಿದ್ದ ಅಜ್ಜ ಒಬ್ಬರು, ಯಾರೋ ಏನೋ, ನನ್ನನ್ನು ತಬ್ಬಿಕೊಂಡು ಕುಣಿದರು. ಮೂರು ತಿಂಗಳಲ್ಲಿ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಅವರೇ. ನಾವು 20–14 ಗೆದ್ದೆವು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಈ ಊರು ನನ್ನದಾದದ್ದು ಹೀಗೆ. ನಿನಗೂ ಅಲ್ಲಿ ಹೀಗೇ ಆಗಲಿ. ನಿಮ್ಮ ತಂಡದ ಕೆಂಪು ಶರ್ಟು ಹಾಕಿದ ಯಾರಾದರೂ ಅಜ್ಜಿ ನಿನ್ನನ್ನು ತಬ್ಬಿಕೊಳ್ಳಲಿ. ಬರೆಯಲು ಕಷ್ಟವಾಯಿತು, ಆದರೆ ಮನಸ್ಸಿನಿಂದ ಬರೆದೆ.

ಕ್ಷಮಿಸು ಪುಟ್ಟಿ. ಏಪ್ರಿಲ್‌ಗೂ, ಆ ಬೇಸ್‌ಮೆಂಟಿಗೂ.

ಈ ಸಲದ ಆಟ ನವೆಂಬರ್ 29ಕ್ಕೆ, ಇಲ್ಲೇ. ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಲ್ಲ, ನಿನ್ನ ಶರ್ಟು ಹಾಕಿಕೊಂಡೇ ಬಾ. ಅದಕ್ಕೂ ಮುಂಚೆ ನೀನು ಮೊದಲ ಸಲ ರೆಫರಿಯಾಗಿ ನಿಲ್ಲುವ ದಿನ ಯಾವುದು ಅಂತ ತಿಳಿಸು. ಮೂರು ಗಂಟೆ ದಾರಿ, ಬಂದುಬಿಡುತ್ತೇನೆ. ಗೆರೆಯಿಂದ ಎಷ್ಟು ದೂರ ನಿಲ್ಲಬೇಕು ಅಂತ ನೀನೇ ಹೇಳು. ಚಟ್ನಿಪುಡಿ ಡಬ್ಬ ಕಾರಿನ ಹಿಂದಿನ ಸೀಟಿನ ಕೆಳಗೇ ಉಳಿದಿತ್ತು, ಆಗಲೇ ತರುತ್ತೇನೆ.

ನಿನ್ನ
ಅಪ್ಪ